ಐದಕ್ಕೆ ಐದು ಕೊಟ್ಟು ಬಂದೆ: ಫಿನ್ನಿಶ್ ಕೋರ್ಸಿನ ಬಗ್ಗೆ ನಿಜ ಹೇಳೋದು ಯಾಕಿಷ್ಟು ಕಷ್ಟ?

ಫಿನ್ಲೆಂಡಿನಲ್ಲಿ ನಾನು ಸೇರಿದ್ದ ಫಿನ್ನಿಶ್ ಭಾಷೆಯ ಕೋರ್ಸಿನ ಕೊನೆಯ ಶುಕ್ರವಾರ. ಮೇಜಿನ ಮೇಲೆ ಕಾಫಿ ಫ್ಲಾಸ್ಕ್, ಪಕ್ಕದಲ್ಲಿ ತಟ್ಟೆ ತುಂಬ ಪುಲ್ಲಾ. ಫಿನ್ಲೆಂಡಿನವರು ಈ ಸಿಹಿ ಬನ್ನಿಗೆ ಏಲಕ್ಕಿ ಹಾಕುತ್ತಾರೆ. ಕ್ಲಾಸೆಲ್ಲ ಹಬ್ಬದ ಮನೆಯ ಹಾಗೆ ಘಮಘಮ ಅನ್ನುತ್ತಿತ್ತು. ಕೋರ್ಸ್ ಹೇಗಿತ್ತು ಅಂತ ಅಭಿಪ್ರಾಯ ಕೇಳುವ ಹಾಳೆಯನ್ನು ಟೀಚರ್ ಎಲ್ಲರಿಗೂ ಒಂದೊಂದು ಹಂಚಿದರು. ಹತ್ತು ಸಾಲು, ಪ್ರತಿ ಸಾಲಿನ ಮುಂದೆ ಐದು ಚೌಕ. ಒಂದು ತುದಿಯಲ್ಲಿ 'ಪೂರ್ತಿ ಒಪ್ಪುತ್ತೇನೆ', ಇನ್ನೊಂದು ತುದಿಯಲ್ಲಿ 'ಸ್ವಲ್ಪವೂ ಒಪ್ಪುವುದಿಲ್ಲ'. ಎಲ್ಲವೂ ಫಿನ್ನಿಶ್‌ನಲ್ಲೇ. ನಡುವಿನ ಚೌಕಗಳ ಮೇಲೆ 'ಯೊಕ್ಸೇನ್ಕಿನ್' ಅಂತ ಒಂದು ಪದ ಇತ್ತು. ಅದಕ್ಕೆ 'ಒಂದು ಮಟ್ಟಿಗೆ' ಅನ್ನುವ ಅರ್ಥ ಅಂತ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಅರ್ಥ ಗೊತ್ತಿಲ್ಲದ ಪದದ ಕೆಳಗೆ ಗುರುತು ಹಾಕೋಕೆ ಧೈರ್ಯ ಬರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಮೊದಲ ಚೌಕಕ್ಕೇ ಟಿಕ್ ಹಾಕಿ ಕೊಟ್ಟೆ. ಐದಕ್ಕೆ ಐದು.

ಎರಡು ವಾರ ಆದ ಮೇಲೆ ಮಗನಿಗೆ ಕಿವಿ ನೋವು ಬಂತು. ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದೆ. ಇಲ್ಲಿ ಸಾಮಾನ್ಯವಾಗಿ ಕೂಡಲೇ ಯಾರೂ ಎತ್ತುವುದಿಲ್ಲ. ರೆಕಾರ್ಡ್ ಮಾಡಿದ ದನಿ ಒಂದು ನಂಬರ್ ಒತ್ತಲು ಹೇಳುತ್ತದೆ. ಒತ್ತಿದರೆ ಆಮೇಲೆ ಅವರೇ ವಾಪಸ್ ಕರೆ ಮಾಡುತ್ತಾರೆ. ನರ್ಸ್ ಕರೆ ಮಾಡಿ ಕೇಳಿದರು: 'ಒಂಕ್ಸ್ ಸಿಲ್ ಕೂಮೆತ್ತಾ?' ನನಗೆ ಒಂದಕ್ಷರ ಹತ್ತಲಿಲ್ಲ. ಅವರು ಮತ್ತೆ ಹೇಳಿದರು. ನಾನು ಸುಮ್ಮನಾದೆ. ಅವರು ಇಂಗ್ಲಿಷಿಗೆ ಬದಲಾಯಿಸಿದರು. ಮಗುವಿಗೆ ಜ್ವರ ಇದೆಯಾ ಅಂತ ಕೇಳಿದ್ದರು, ಅಷ್ಟೇ.

ಇದೇ ಪ್ರಶ್ನೆ ನಮ್ಮ ಪಾಠದಲ್ಲಿ ಇತ್ತು. 'ಒಂಕೊ ಹ್ಯಾನೆಲ್ಲಾ ಕೂಮೆತ್ತಾ?' ಅಂತ. ಟೆಸ್ಟಿನಲ್ಲಿ ನಾನು ಅದನ್ನು ಸರಿಯಾಗಿ ಬರೆದಿದ್ದೆ ಕೂಡ. 'ಅವನಿಗೆ ಜ್ವರ ಇದೆಯೇ?' ಅಂತ ಪುಸ್ತಕದಲ್ಲಿ ಕಲಿತವರ ಮುಂದೆ 'ಜ್ವರ ಐತಾ ಅವ್ನಿಗೆ?' ಅಂದರೆ ಹೇಗಾಗುತ್ತದೋ ಹಾಗಾಯಿತು. ಫೋನಿಟ್ಟ ಮೇಲೆ ನನಗೆ ಆ ಹಾಳೆ ನೆನಪಾಯಿತು. ಅದರಲ್ಲಿ ಬರೆಯಬೇಕಾಗಿದ್ದ ಮಾತು ಇದು. ಬರೆಯಲಿಲ್ಲ. ಕೊನೆಯ ದಿನ ಆ ಮಾತು ನನಗೇ ಗೊತ್ತಿರಲಿಲ್ಲ.

ಒಬ್ಬಳ ಕತೆ ಅಂತ ಇದನ್ನು ಬಿಡೋಕೆ ಆಗುವುದಿಲ್ಲ. ಫಿನ್ಲೆಂಡಿನ ಜನಸಂಖ್ಯೆ ಸುಮಾರು 56 ಲಕ್ಷ, ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಅದರಲ್ಲಿ ಫಿನ್ನಿಶ್, ಸ್ವೀಡಿಶ್, ಉತ್ತರದ ಮೂಲನಿವಾಸಿಗಳ ಸಾಮಿ ಬಿಟ್ಟು ಬೇರೆ ಮಾತೃಭಾಷೆಯವರು 2024ರ ಕೊನೆಗೆ 6 ಲಕ್ಷ ದಾಟಿದ್ದರು. ಎಸ್ಪೊ, ಹೆಲ್ಸಿಂಕಿ, ತಾಂಪೆರೆ, ಔಲು ಊರುಗಳಲ್ಲಿ ಕನ್ನಡದವರೂ ಇದ್ದೇವೆ. ಹೆಚ್ಚಿನವರ ಕತೆ ಒಂದೇ ಥರ. ಗಂಡ ಹೆಂಡಿರಲ್ಲಿ ಒಬ್ಬರಿಗೆ ಸಾಫ್ಟ್‌ವೇರ್ ಅಥವಾ ಟೆಲಿಕಾಂ ಕೆಲಸ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಇನ್ನೊಬ್ಬರು ಕೆಲಸ ಹುಡುಕಬೇಕು, ಮಕ್ಕಳ ಶಾಲೆ ಆಸ್ಪತ್ರೆ ನೋಡಬೇಕು. ಭಾಷೆಯ ಭಾರ ಬೀಳುವುದು ಈ ಎರಡನೆಯವರ ಮೇಲೆ.

ಇವರಿಗಾಗಿ ಸರ್ಕಾರದ್ದೇ ಒಂದು ತರಬೇತಿ ಇದೆ. ಎಲ್ಲರೂ ಅದನ್ನು ಚಿಕ್ಕದಾಗಿ 'ಕೊಟೊ' ಅನ್ನುತ್ತಾರೆ. ಫಿನ್ನಿಶ್‌ನಲ್ಲಿ ಕೊಟಿ ಅಂದರೆ ಮನೆ. ಹೊಸ ಜಾಗಕ್ಕೆ ಒಗ್ಗಿಕೊಂಡು ಅದನ್ನೇ ಮನೆ ಮಾಡಿಕೊಳ್ಳುವುದು ಅನ್ನುವ ಅರ್ಥದಿಂದ ಬಂದ ಹೆಸರು. ವಾರಕ್ಕೆ ಐದು ದಿನ ಕ್ಲಾಸು, ನಡುವೆ ಕೆಲವು ವಾರ ಯಾವುದಾದರೂ ಕೆಲಸದ ಜಾಗದಲ್ಲಿ ಅನುಭವ. ಕಲಿಯುವವರ ಜೇಬಿನಿಂದ ಫೀಸಿಲ್ಲ. ಗುರಿ ಬಿ1.1 ಅನ್ನುವ ಮಟ್ಟ. ಅಂದರೆ ದಿನದ ಸಾಮಾನ್ಯ ವ್ಯವಹಾರವನ್ನು ಇನ್ನೊಬ್ಬರ ಸಹಾಯ ಇಲ್ಲದೆ ನಡೆಸುವಷ್ಟು ಭಾಷೆ. ಹಲವರು ಅಲ್ಲಿಗೆ ಮುಟ್ಟದೆಯೇ ಹೊರಗೆ ಬರುತ್ತಾರೆ.

2025ರ ಜನವರಿ 1ರಿಂದ ಇಡೀ ವ್ಯವಸ್ಥೆ ಕೈ ಬದಲಾಯಿಸಿತು. ಅಲ್ಲಿಯವರೆಗೆ ಸರ್ಕಾರದ ಉದ್ಯೋಗ ಕಚೇರಿಗಳು ನೋಡಿಕೊಳ್ಳುತ್ತಿದ್ದ ಕೆಲಸ ನಗರಸಭೆ, ಪುರಸಭೆಗಳಿಗೆ ಬಂತು. ದೇಶದಲ್ಲಿ ಈಗ 45 ಉದ್ಯೋಗ ಪ್ರದೇಶಗಳಿವೆ. ಕೋರ್ಸುಗಳನ್ನು ಅನೇಕ ಕಡೆ ಟೆಂಡರ್ ಕರೆದು ಕೊಂಡುಕೊಳ್ಳಲಾಗುತ್ತದೆ. ಗೆದ್ದವರು, ಅದು ಕಾಲೇಜಿರಲಿ ಖಾಸಗಿ ಕಂಪನಿಯಿರಲಿ, ಪಾಠ ನಡೆಸುತ್ತಾರೆ. ಈ ವಿಷಯ ಸ್ವಲ್ಪ ನೆನಪಿರಲಿ. ನಮ್ಮ ದೂರು ಯಾರ ಕಿವಿಗೆ ಬೀಳಬೇಕು ಅನ್ನೋದು ಇದರ ಮೇಲೆ ನಿಂತಿದೆ.

ಭಾಷೆಗೆ ಕಟ್ಟಿರುವ ಬೆಲೆಯೂ ಏರುತ್ತಿದೆ. 2024ರ ಅಕ್ಟೋಬರ್ 1ರಿಂದ ಪೌರತ್ವ ಕೇಳಲು ಸಾಮಾನ್ಯವಾಗಿ 8 ವರ್ಷ ಇಲ್ಲಿ ವಾಸವಿರಬೇಕು. ಮೊದಲು 5 ವರ್ಷ ಸಾಕಿತ್ತು. ಜೊತೆಗೆ ಭಾಷೆಯ ಪುರಾವೆ ಬೇಕು. ಅದಕ್ಕೆ ಹೆಚ್ಚಿನವರು ಬರೆಯುವುದು ಯುಕಿ ಅನ್ನುವ ರಾಷ್ಟ್ರೀಯ ಭಾಷಾ ಪರೀಕ್ಷೆ. ಇಂಥ ಜಾಗದಲ್ಲಿ ಒಂದು ಕೋರ್ಸ್ ಚೆನ್ನಾಗಿಲ್ಲ ಅಂದರೆ ಸಂಸಾರದ ವರ್ಷಗಳೇ ಹಿಂದೆ ಬೀಳುತ್ತವೆ. ಹಾಗಿದ್ದೂ ನಾವು ಐದಕ್ಕೆ ಐದು ಕೊಟ್ಟು ಬರುತ್ತೇವೆ. ಯಾಕೆ?

ಮೊದಲನೆಯದು ಋಣದ ಭಾವ. ಹಾಸನದ ಒಬ್ಬ ಗೆಳತಿ ನನ್ನ ನಂತರದ ಬ್ಯಾಚಿನಲ್ಲಿದ್ದಳು. ಅವಳನ್ನು ಕೇಳಿದೆ.

'ನೀನೇನು ಬರೆದೆ?'

'ಎಲ್ಲ ಚೆನ್ನಾಗಿದೆ ಅಂತಾನೇ ಬರೆದೆ ಅಕ್ಕಾ. ಪಾಪ, ಮೇಡಂ ಎಷ್ಟು ಕಷ್ಟಪಡ್ತಾರೆ. ಅದೂ ಅಲ್ದೆ ಒಂದು ಯೂರೊ ಕೊಟ್ಟಿಲ್ಲ ನಾವು. ಹೆಂಗೆ ತಪ್ಪು ಹೇಳೋದು?'

ಉಂಡ ಮನೆಗೆ ಎರಡು ಬಗೆಯಬಾರದು ಅನ್ನೋದು ನಮ್ಮ ರಕ್ತದಲ್ಲೇ ಇದೆ. ಪಾಠ ಹೇಳಿದವರ ಬಗ್ಗೆ ಹಾಳೆಯ ಮೇಲೆ ಅಂಕ ಹಾಕೋದೇ ನಮಗೆ ಒಂದು ಥರ ಇರುಸುಮುರುಸು. ಇಲ್ಲಿ ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ. ಮೊದಲ ತಿಂಗಳು ಅದೇ ನನ್ನ ಬಾಯಿಗೆ ಬರುತ್ತಿರಲಿಲ್ಲ. ಇನ್ನು ಅವರ ಪಾಠದಲ್ಲಿ ಇಂಥದ್ದು ಕಡಿಮೆ ಇದೆ ಅನ್ನೋದು ಎಲ್ಲಿಂದ ಬರಬೇಕು? ಈ ಮರ್ಯಾದೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅದು ಹಾಳೆಯ ಮೇಲೆ ಇಳಿದಾಗ ಸುಳ್ಳಾಗುತ್ತದೆ.

ಎರಡನೆಯದು ಭಯ. ಕೆಲಸ ಹುಡುಕುತ್ತಿರುವವರಿಗೆ ಸಿಗುವ ಭತ್ಯೆ ಈ ತರಬೇತಿಗೆ ಗಂಟು ಬಿದ್ದಿದೆ. ಕಾರಣ ಇಲ್ಲದೆ ಗೈರಾದರೆ ಭತ್ಯೆಗೆ ಪೆಟ್ಟು ಬೀಳಬಹುದು. ಹಾಜರಾತಿ ಹಾಕುವವರು ಅದೇ ಟೀಚರ್. ಫಾರಂನಲ್ಲಿ ಬರೆದ ಮಾತಿನಿಂದ ಯಾರ ಭತ್ಯೆಯೂ ನಿಲ್ಲುವುದಿಲ್ಲ, ಯಾರ ವಾಸದ ಪರ್ಮಿಟ್ಟೂ ರದ್ದಾಗುವುದಿಲ್ಲ. ಆದರೆ ಯುದ್ಧ ನೋಡಿ ಬಂದವರು, ಸರ್ಕಾರಿ ಕಾಗದ ಕಂಡರೆ ಬೆವರುವ ದೇಶಗಳಿಂದ ಬಂದವರು ನನ್ನ ಬೆಂಚಿನಲ್ಲೇ ಕೂತಿದ್ದರು. ಹೆಸರು ಬರೆಯಬೇಡಿ ಅಂತ ಟೀಚರ್ ಮೂರು ಸಲ ಹೇಳಿದರು. ಹದಿನೆಂಟು ಜನರಲ್ಲಿ ಭಾರತದವಳು ನಾನೊಬ್ಬಳೇ. ನನ್ನ ಕೈಬರಹ, ನಾನು ಮಾಡುವ ತಪ್ಪು ಯಾರದ್ದು ಅಂತ ಗುರುತಿಸೋಕೆ ಹೆಸರು ಬೇಕಿರಲಿಲ್ಲ.

ಮೂರನೆಯದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಕಲಿಯುತ್ತಿರುವ ಭಾಷೆಯಲ್ಲೇ ಆ ಕಲಿಕೆಯ ಬಗ್ಗೆ ಅಭಿಪ್ರಾಯ ಕೇಳುತ್ತಾರೆ. ಆ ಹೊತ್ತಿಗೆ ನನ್ನ ಬಳಿ ಇದ್ದ ಗುಣಪದಗಳೇ ಐದಾರು. ಹ್ಯುವಾ ಅಂದರೆ ಒಳ್ಳೆಯದು. ಹುವೊನೊ ಅಂದರೆ ಕೆಟ್ಟದ್ದು. ಕಷ್ಟ, ಸುಲಭ, ಚೆಂದ. ಇಷ್ಟರಲ್ಲಿ ಏನು ಹೇಳಬಹುದು? 'ಪಾಠ ಚೆನ್ನಾಗಿತ್ತು, ಆದರೆ ಹೊರಗಿನ ಮಾತಿಗೂ ಒಳಗಿನ ಮಾತಿಗೂ ಸೇತುವೆ ಇರಲಿಲ್ಲ' ಅನ್ನೋದನ್ನು ಐದು ಪದದಲ್ಲಿ ಹೇಳೋಕೆ ಆಗುವುದಿಲ್ಲ. 'ಹುವೊನೊ' ಅಂತ ಬರೆದರೆ ಅನ್ಯಾಯ. ಹಾಗಾಗಿ 'ಹ್ಯುವಾ' ಅಂತ ಬರೆಯುತ್ತೇವೆ. ಭಾಷೆ ಎಲ್ಲಿ ಮುಗಿಯುತ್ತದೋ ಅಲ್ಲಿಗೇ ದೂರೂ ಮುಗಿಯುತ್ತದೆ. ಕೋರ್ಸ್ ಎಷ್ಟು ಕಡಿಮೆ ಕಲಿಸಿದೆಯೋ ಅದಕ್ಕೆ ಅಷ್ಟು ಸುಲಭವಾಗಿ ಒಳ್ಳೆಯ ಅಂಕ ಸಿಗುತ್ತದೆ. ಇದು ನನ್ನನ್ನು ನಿಜವಾಗಿ ಕಾಡುವ ವಿಷಯ.

ಫಿನ್ಲೆಂಡ್ ಅಭಿಪ್ರಾಯ ಕೇಳದ ದೇಶವೇನಲ್ಲ. ಅಂಗಡಿ, ಏರ್‌ಪೋರ್ಟ್‌ಗಳಲ್ಲಿ ನಗುಮುಖ, ಅಳುಮುಖದ ನಾಲ್ಕು ಬಟನ್ ಇರುವ ಕಂಬ ನೋಡಿರುತ್ತೀರಿ. ಅವುಗಳಿಂದ ಹೆಸರು ಮಾಡಿದ ಹ್ಯಾಪಿಆರ್‌ನಾಟ್ ಕಂಪನಿ 2009ರಲ್ಲಿ ತಾಂಪೆರೆಯಲ್ಲಿ ಹುಟ್ಟಿದ್ದು. ಅಭಿಪ್ರಾಯಕ್ಕೆ ಇವರ ಪದ 'ಪಲೌತೆ'. ಹಿಂದಿರುಗಿಸುವುದು ಅನ್ನುವ ಪದದ ಬಳಗದ್ದು. ಲೈಬ್ರರಿಗೆ ಪುಸ್ತಕ ವಾಪಸ್ ಕೊಡುವುದಕ್ಕೂ, ಖಾಲಿ ಬಾಟಲಿ ಅಂಗಡಿಗೆ ಮರಳಿಸುವುದಕ್ಕೂ ಅದೇ ಮೂಲದ ಪದ. ಇಲ್ಲಿಯವರ ಕಣ್ಣಿನಲ್ಲಿ ಪಲೌತೆ ಅಂದರೆ ಬೈಗುಳ ಅಲ್ಲ, ತೆಗೆದುಕೊಂಡಿದ್ದರ ಲೆಕ್ಕ ಒಪ್ಪಿಸುವುದು. ಟೀಚರ್ ಕೇಳಿದ್ದು ಅದನ್ನೇ. ನಾನು ಕೊಟ್ಟಿದ್ದು ವಂದನೆ.

ಈಗ ಆ ಜ್ವರದ ಪ್ರಶ್ನೆಗೆ ವಾಪಸ್ ಬರೋಣ. ಫಿನ್ನಿಶ್‌ನಲ್ಲಿ ಬರೆಯುವ ಭಾಷೆ ಒಂದು, ಆಡುವ ಭಾಷೆ ಇನ್ನೊಂದು. 'ನಾನು ಇದ್ದೇನೆ' ಅನ್ನೋದಕ್ಕೆ ಪುಸ್ತಕದಲ್ಲಿ 'ಮಿನಾ ಓಲೆನ್'. ಹೆಲ್ಸಿಂಕಿಯ ಬಸ್ಸಿನಲ್ಲಿ ಕೇಳುವುದು 'ಮಾ ಓನ್'. 'ಯುಕ್ಸಿ, ಕಾಕ್ಸಿ' ಅಂತ ಎಣಿಸಲು ಕಲಿತವರು ಅಂಗಡಿಯಲ್ಲಿ 'ಯುಕ್ಸ್, ಕಾಕ್ಸ್' ಕೇಳುತ್ತಾರೆ. ಐವತ್ತೈದು ಅನ್ನೋದು ಪುಸ್ತಕದಲ್ಲಿ 'ವೀಸಿಕ್ಯುಮ್ಮೆಂತಾವೀಸಿ', ಬಾಯಲ್ಲಿ 'ವೀಸ್ಕ್ಯುತ್‌ವೀಸ್'. ಅರ್ಧ ಪದವೇ ಮಾಯ. ಕ್ಯಾಶ್ ಕೌಂಟರಿನ ಮುಂದೆ ಒದ್ದಾಡುವುದು ಅದಕ್ಕೇ.

ಕನ್ನಡದವರಿಗೆ ಇದು ಹೊಸದೇನಲ್ಲ ಅಲ್ವಾ? 'ಮಾಡುತ್ತೇನೆ' ಅಂತ ಬರೆದು 'ಮಾಡ್ತೀನಿ' ಅನ್ನುವವರು ನಾವು. ಬೆಂಗಳೂರಿನಲ್ಲಿ ಕನ್ನಡ ಕಲಿಯಲು ಬಂದವರಿಗೆ ಬರೀ 'ಎಲ್ಲಿಗೆ ಹೋಗುತ್ತೀರಿ' ಕಲಿಸಿ ಆಟೊ ಸ್ಟ್ಯಾಂಡಿಗೆ ಕಳಿಸಿದರೆ 'ಎಲ್ಲೋಗ್ಬೇಕು?' ಅಂದಾಗ ಅವರೂ ನನ್ನ ಹಾಗೇ ನಿಲ್ಲುತ್ತಾರೆ. ಟೀಚರನ್ನು ಕೇಳಿದರೆ ಉತ್ತರ ಸಿದ್ಧ ಇರುತ್ತದೆ. ಪರೀಕ್ಷೆಗೆ ಬೇಕಾದ್ದು ಬರಹದ ಭಾಷೆ, ಆಡುಭಾಷೆ ಊರಿಂದ ಊರಿಗೆ ಬೇರೆ, ಮೊದಲು ಅಡಿಪಾಯ ಗಟ್ಟಿಯಾಗಲಿ. ಮಾತು ತಪ್ಪಲ್ಲ. ಬರಹದ ಭಾಷೆ ಬಿಡಿ ಅಂತ ನಾನೂ ಹೇಳುತ್ತಿಲ್ಲ. ಪ್ರತಿ ಪಾಠದ ಪಕ್ಕದಲ್ಲಿ ಹತ್ತು ನಿಮಿಷ ಇನ್ನೊಂದು ರೂಪ ಕೇಳಿಸಿ ಅಂತ ಕೇಳುತ್ತಿದ್ದೇನೆ. ಮಾತಾಡೋಕೆ ಬೇಡ, ಕಿವಿಗೆ ಬಿದ್ದರೆ ಸಾಕು.

ಕೆಲವು ವಿಷಯಗಳನ್ನು ಮಾತ್ರ ನಾವು ಬೇರೆಯವರಿಗಿಂತ ಬೇಗ ಹಿಡಿಯುತ್ತೇವೆ. 'ಅವನು', 'ಅವಳು' ಎರಡಕ್ಕೂ ಫಿನ್ನಿಶ್‌ನಲ್ಲಿ 'ಹ್ಯಾನ್'. ಆದರೆ ಮಾತಿನಲ್ಲಿ 'ಸೆ' ಅನ್ನುತ್ತಾರೆ, ಅಂದರೆ 'ಅದು'. ಶಿಶುವಿಹಾರದಲ್ಲಿ ಸಂಜೆ ಮಗನನ್ನು ಕರೆದುಕೊಳ್ಳಲು ಹೋದರೆ 'ಸೆ ಸೊಯ್ ಹ್ಯುವಿನ್' ಅನ್ನುತ್ತಾರೆ. 'ಅದು ಚೆನ್ನಾಗಿ ಊಟ ಮಾಡಿತು'. ಕ್ಲಾಸಿನ ಒಬ್ಬರಿಗೆ ತನ್ನ ಮಗುವನ್ನು ವಸ್ತುವಿನ ಹಾಗೆ ಕರೆದರು ಅಂತ ನೋವಾಗಿತ್ತು. ನನಗೆ ಹಾಗೆ ಅನಿಸಲೇ ಇಲ್ಲ. ನಮ್ಮ ಅಮ್ಮಂದಿರೂ 'ಮಗು ಊಟ ಮಾಡ್ತು, ಮಲಗ್ತು' ಅಂತಾನೇ ಹೇಳೋದು.

ಇದರಿಂದ ನನಗೆ ಇನ್ನೊಂದು ಹೊಳೆಯಿತು. ಅಭಿಪ್ರಾಯ ಕೊಡುವವರ ಮಾತೃಭಾಷೆ ಗೊತ್ತಿಲ್ಲದಿದ್ದರೆ ಆ ಅಭಿಪ್ರಾಯದಿಂದ ಅರ್ಧ ಉಪಯೋಗವೂ ಇಲ್ಲ. ನಮ್ಮ ಕ್ಲಾಸಿನಲ್ಲಿ ತುಲಿ, ತೂಲಿ, ತುಲ್ಲಿ ಅನ್ನುವ ಮೂರು ಪದಕ್ಕೆ ಎರಡು ದಿನ ಹೋಯಿತು. ಬೆಂಕಿ, ಗಾಳಿ, ಸುಂಕದ ಕಚೇರಿ. ಬಳೆ ಮತ್ತು ಬಾಳೆ, ಕತೆ ಮತ್ತು ಕತ್ತೆ ನಡುವಿನ ವ್ಯತ್ಯಾಸವನ್ನು ಅಂಬೆಗಾಲಿಡುವಾಗಲೇ ಕಲಿತ ನನಗೆ ಅದು ಹತ್ತು ನಿಮಿಷದ ಪಾಠ. ಬೇಸರ ಬಂತು. 'ತುಂಬ ನಿಧಾನ' ಅಂತ ಬರೆಯಬೇಕು ಅನಿಸಿತ್ತು. ಬರೆದಿದ್ದರೆ ತಪ್ಪಾಗುತ್ತಿತ್ತು, ಯಾಕೆಂದರೆ ಪಕ್ಕದವರಿಗೆ ಆ ಎರಡು ದಿನ ಬೇಕೇಬೇಕಿತ್ತು. ವಿಭಕ್ತಿಯೂ ಹಾಗೇ. ಫಿನ್ನಿಶ್‌ನಲ್ಲಿ 15 ವಿಭಕ್ತಿ ಅಂದ ಕೂಡಲೇ ಕ್ಲಾಸು ನಿಟ್ಟುಸಿರು ಬಿಟ್ಟಿತು. ತಾಲೊಸ್ಸಾ ಅಂದರೆ ಮನೆಯಲ್ಲಿ, ತಾಲೊಸ್ತಾ ಅಂದರೆ ಮನೆಯಿಂದ, ತಾಲೋನ್ ಅಂದರೆ ಮನೆಗೆ. ಪದದ ಬಾಲಕ್ಕೆ ಅರ್ಥ ಅಂಟಿಸೋದು ನಮಗೆ ಹುಟ್ಟಿನಿಂದ ಬಂದದ್ದು. ನಮಗೆ ತೊಡಕಾಗುವುದು ಬೇರೆ ಕಡೆ. 'ಉ' ಮತ್ತು 'ಇ' ನಡುವೆ ತೂಗಾಡುವ ಆ ಸ್ವರ. ಕಾಫಿ ಕುಡಿದೆ ಅನ್ನುವಾಗ ಸ್ವಲ್ಪ ಕಾಫಿಯೋ ಪೂರ್ತಿ ಕಾಫಿಯೋ ಅಂತ ಪದದ ಕೊನೆ ಬದಲಾಯಿಸುವ ನಿಯಮ. ಇವುಗಳಿಗೆ ನಮಗೆ ಹೆಚ್ಚು ಹೊತ್ತು ಬೇಕಿತ್ತು. 'ನಿಧಾನ' ಅಥವಾ 'ಬೇಗ' ಅನ್ನುವ ಚೌಕದಲ್ಲಿ ಇದು ಯಾವುದೂ ಹಿಡಿಯುವುದಿಲ್ಲ. 'ನನ್ನ ಭಾಷೆ ಕನ್ನಡ. ನನಗೆ ವಿಭಕ್ತಿ ಸುಲಭ, ಸ್ವರ ಕಷ್ಟ' ಅಂತ ಎರಡು ಸಾಲು ಬರೆದರೆ ಟೀಚರಿಗೆ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಇಲ್ಲಿ ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಕಲಿಯುವವರಿಗೆ ಖುಷಿಯಾದ ಪಾಠವೇ ಒಳ್ಳೆಯ ಪಾಠ ಅಂತ ಇಲ್ಲ. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ ಅಧ್ಯಯನ ಒಂದು ಪ್ರಕಟವಾಯಿತು. ಕೆಲವರಿಗೆ ಚೆಂದದ ಉಪನ್ಯಾಸ, ಕೆಲವರಿಗೆ ತಾವೇ ಲೆಕ್ಕದ ಜೊತೆ ಗುದ್ದಾಡುವ ಪಾಠ. ಗುದ್ದಾಡಿದವರು ಟೆಸ್ಟಿನಲ್ಲಿ ಹೆಚ್ಚು ಅಂಕ ತೆಗೆದರು. ಆದರೆ ಜಾಸ್ತಿ ಕಲಿತೆವು ಅಂತ ಅನಿಸಿದ್ದು ಉಪನ್ಯಾಸ ಕೇಳಿದವರಿಗೆ. ಅದಕ್ಕೂ ಎರಡು ವರ್ಷ ಮುಂಚೆ, 2017ರಲ್ಲಿ, ಹಳೆಯ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರಿಗೆ ಟೀಚರಿಗೆ ಸಿಗುವ ಅಂಕಕ್ಕೂ ವಿದ್ಯಾರ್ಥಿಗಳು ಕಲಿತಿದ್ದಕ್ಕೂ ಹೇಳಿಕೊಳ್ಳುವಂಥ ನಂಟೇ ಕಾಣಲಿಲ್ಲ.

ಭಾಷೆಯ ಕ್ಲಾಸಿನಲ್ಲಿ ಇದು ಇನ್ನೂ ನಿಜ ಅಂತ ನನ್ನ ಅನುಭವ. ನಮಗೆ ನಡುವೆ ಮೂರು ವಾರ ಬದಲಿ ಟೀಚರ್ ಒಬ್ಬರು ಬಂದಿದ್ದರು. ಪುಸ್ತಕ ಮುಚ್ಚಿಸಿ ಮಾತಾಡಿಸುತ್ತಿದ್ದರು. ಎಲ್ಲರ ಮುಂದೆ ತೊದಲಬೇಕಾಗುತ್ತಿತ್ತು. ನನಗೆ ಅವರು ಇಷ್ಟವಾಗಲಿಲ್ಲ. ಸಂಜೆ ತಲೆನೋವು ಬರುತ್ತಿತ್ತು. ಆದರೆ ಇವತ್ತು ಲೈಬ್ರರಿಯಲ್ಲಿ, ಅಂಚೆ ಕೌಂಟರಿನಲ್ಲಿ ನನ್ನ ಬಾಯಿಂದ ಬರುವ ವಾಕ್ಯಗಳು ಆ ಮೂರು ವಾರದವು. ಆಗ ಫಾರಂ ಕೊಟ್ಟಿದ್ದರೆ ಅವರಿಗೆ ಎರಡು ಅಂಕ ಹಾಕಿ ಮಹಾ ತಪ್ಪು ಮಾಡಿರುತ್ತಿದ್ದೆ. ಪ್ರಾಮಾಣಿಕವಾಗಿಯೇ ಹಾಕಿರುತ್ತಿದ್ದೆ. ಮನಸ್ಸಿಗೆ ಅನಿಸಿದ್ದನ್ನು ಬಿಚ್ಚಿ ಹೇಳಿದರೂ ಅದು ಕಲಿಕೆಯ ಲೆಕ್ಕ ಆಗದೆ ಹೋಗಬಹುದು.

ಪರೀಕ್ಷೆಯ ಅಂಕವನ್ನೇ ನಂಬೋಣ ಅಂದರೆ ಅದರಲ್ಲೂ ತೂತಿದೆ. ಯುಕಿಯಲ್ಲಿ ನಾಲ್ಕು ಭಾಗ: ಓದು, ಕೇಳು, ಬರೆ, ಮಾತಾಡು. ಪೌರತ್ವಕ್ಕೆ ಕೆಲವು ನಿಗದಿತ ಜೋಡಿಗಳಲ್ಲಿ ಮೂರನೇ ಮಟ್ಟ ಸಿಕ್ಕರೆ ಸಾಕು. ಉದಾಹರಣೆಗೆ ಓದುವುದು ಮತ್ತು ಮಾತು. ಮಾತಿನ ಪರೀಕ್ಷೆ ನಡೆಯುವುದು ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡಿಂಗ್ ಜೊತೆ. ಅದನ್ನು ದಾಟಿದವರೂ ವಾಪಸ್ ಕರೆ ಮಾಡಿದ ನರ್ಸಿನ ಮುಂದೆ ತಡವರಿಸಬಹುದು.

ಹಾಗಾದರೆ ಕೇಳಬೇಕಾದ್ದು ಏನು? 'ನಿಮಗೆ ತೃಪ್ತಿಯಾಯಿತಾ' ಅಂತ ಕೇಳಬೇಡಿ. 'ಕಳೆದ ವಾರ ಫಿನ್ನಿಶ್‌ನಲ್ಲಿ ಏನು ಕೆಲಸ ಮಾಡಿದಿರಿ, ಎಲ್ಲಿ ನಿಂತು ಹೋಯಿತು' ಅಂತ ಕೇಳಿ. ಕೊನೆಯ ಶುಕ್ರವಾರ ಕೇಳಬೇಡಿ, ಪುಲ್ಲಾ ತಿಂದ ಬಾಯಿ ಸಿಹಿಯೇ ಹೇಳುತ್ತದೆ. ಮೂರನೇ ವಾರ ಒಮ್ಮೆ ಕೇಳಿ, ಆಗ ಬದಲಾಯಿಸಲು ಸಮಯ ಇರುತ್ತದೆ. ಕೋರ್ಸ್ ಮುಗಿದು ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಕೇಳಿ, ಆಗ ನಿಜ ಗೊತ್ತಿರುತ್ತದೆ. ಮತ್ತು ದಯವಿಟ್ಟು ಅವರವರ ಭಾಷೆಯಲ್ಲಿ ಬರೆಯಲು ಬಿಡಿ. ಅನುವಾದ ಮಾಡುವ ಯಂತ್ರ ಇವತ್ತು ಎಲ್ಲರ ಫೋನಿನಲ್ಲೂ ಇದೆ. ಅರೆಬರೆ ಅನುವಾದವೂ 'ಹ್ಯುವಾ' ಅನ್ನುವ ಒಂದು ಪದಕ್ಕಿಂತ ಹತ್ತು ಪಟ್ಟು ಹೆಚ್ಚು ಹೇಳುತ್ತದೆ. ಇದಕ್ಕೆ ಹೆಚ್ಚು ದುಡ್ಡೂ ಬೇಡ, ಹೊಸ ಕಾನೂನೂ ಬೇಡ.

ನಮ್ಮ ಕಡೆಯಿಂದಲೂ ಒಂದು ಜವಾಬ್ದಾರಿ ಇದೆ. ದೂರು ಯಾರದ್ದು ಅಂತ ಬಿಡಿಸಿ ಹೇಳಬೇಕು. ಹೆಚ್ಚಿನ ದೂರುಗಳು ಟೀಚರ್ ತಲೆಗೆ ಸುತ್ತಿಕೊಳ್ಳುತ್ತವೆ, ಯಾಕೆಂದರೆ ನಮ್ಮ ಕಣ್ಣಿಗೆ ಕಾಣುವವರು ಅವರೊಬ್ಬರೇ. ಒಂದೇ ಕ್ಲಾಸಿನಲ್ಲಿ ಇಂಜಿನಿಯರ್ ಓದಿದವರೂ ಇದ್ದಾರೆ, ಶಾಲೆಗೆ ನಾಲ್ಕು ವರ್ಷ ಹೋದವರೂ ಇದ್ದಾರೆ. ಹಾಗೆ ಕೂರಿಸಿದ್ದು ಟೀಚರಲ್ಲ. ಎಷ್ಟು ಜನಕ್ಕೆ ಒಂದು ಗುಂಪು ಅನ್ನೋದು ಕೋರ್ಸ್ ಕೊಂಡವರ ಮತ್ತು ಮಾರಿದವರ ನಡುವಿನ ಒಪ್ಪಂದದಲ್ಲಿ ಇರುತ್ತದೆ. ಟೀಚರ್ ಗಂಟೆ ಲೆಕ್ಕದಲ್ಲಿ ದುಡಿಯುವವರಾಗಿರಬಹುದು. ಟೆಂಡರ್ ಬೇರೆಯವರಿಗೆ ಹೋದರೆ ಅವರ ಕೆಲಸಕ್ಕೂ ಕುತ್ತು. ಅಂಥವರ ಹೆಸರಿನ ಮುಂದೆ ಎರಡು ಅಂಕ ಹಾಕಿದರೆ ಗುಂಪಿನ ಗಾತ್ರ ಚಿಕ್ಕದಾಗುವುದಿಲ್ಲ, ಒಬ್ಬ ಒಳ್ಳೆಯ ಟೀಚರ್ ಮನೆಗೆ ಹೋಗುತ್ತಾರೆ.

ಆದ್ದರಿಂದ ನಾನು ಈಗ ಮೂರು ಜಾಗಕ್ಕೆ ಬರೆಯಬೇಕು ಅನ್ನುತ್ತೇನೆ. ಫೋನಿನಲ್ಲಿ ಮಾತಾಡುವ ಅಭ್ಯಾಸ ಬೇಕು, ಆಡುಭಾಷೆ ಕೇಳಿಸಿ ಅನ್ನೋದು ಟೀಚರಿಗೆ. ನಾಳೆಯೇ ಮಾಡಬಹುದಾದ ಕೆಲಸ ಅದು. ಟೀಚರ್ ಪದೇಪದೇ ಬದಲಾದರು, ಕೆಲಸದ ಅನುಭವಕ್ಕೆ ಅಂತ ಕಳಿಸಿದ ಜಾಗದಲ್ಲಿ ದಿನಪೂರ್ತಿ ಒಂದು ಮಾತೂ ಆಡದೆ ಡಬ್ಬ ಜೋಡಿಸಿದೆ ಅನ್ನೋದು ಕೋರ್ಸ್ ನಡೆಸುವ ಸಂಸ್ಥೆಗೆ. ಇಷ್ಟು ಬೇರೆ ಬೇರೆ ಮಟ್ಟದವರನ್ನು ಒಟ್ಟಿಗೆ ಹಾಕಬೇಡಿ, ಸಂಜೆ ಕ್ಲಾಸು ಬೇಕು ಅನ್ನೋದು ನಗರಸಭೆಗೆ. 2025ರ ನಂತರ ಈ ಮೂರನೆಯ ಬಾಗಿಲು ಮನೆಗೆ ಹತ್ತಿರ ಬಂದಿದೆ. ಶಾಲೆ, ಲೈಬ್ರರಿ ನಡೆಸುವ ಅದೇ ನಗರಸಭೆ ಕೋರ್ಸನ್ನೂ ನೋಡಿಕೊಳ್ಳುತ್ತದೆ. ಅಲ್ಲಿಗೆ ಬರೆದರೆ ಓದುವವರಿದ್ದಾರೆ.

ಬರೆಯುವಾಗ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕನ್ನಡದಲ್ಲಿ ಬರೆದಾಗ ನಮಗೇ ಗೊತ್ತಿಲ್ಲದ ದೂರು ಹೊರಗೆ ಬರುತ್ತದೆ, ಹೊಗಳಿಕೆಯೂ ಬರುತ್ತದೆ. 'ಕೋರ್ಸ್ ಚೆನ್ನಾಗಿಲ್ಲ' ಅನ್ನುವ ಸಾಲು ಯಾರಿಗೂ ಉಪಯೋಗ ಇಲ್ಲ. 'ಎಂಟು ತಿಂಗಳಲ್ಲಿ ಒಮ್ಮೆಯೂ ಮುಖ ಕಾಣದವರ ಜೊತೆ ಮಾತಾಡಲಿಲ್ಲ' ಅನ್ನುವ ಸಾಲನ್ನು ಓದಿದ ಟೀಚರಿಗೆ ಏನು ಮಾಡಬೇಕು ಅಂತ ತಾನಾಗಿ ಹೊಳೆಯುತ್ತದೆ.

ನಾನು ತಡವಾಗಿ ಒಂದು ಮೇಲ್ ಬರೆದೆ. ಆ ಜ್ವರದ ಪ್ರಶ್ನೆಯ ಎರಡು ರೂಪವನ್ನೂ ಬರೆದು, ಒಂದನ್ನು ನೀವು ಚೆನ್ನಾಗಿ ಕಲಿಸಿದಿರಿ, ಇನ್ನೊಂದು ಸಿಗಲಿಲ್ಲ ಅಂದೆ. ಮೂರು ಸಾಲಿನ ಉತ್ತರ ಬಂತು. ಧನ್ಯವಾದ ಇತ್ತು. ಹಾಳೆಯಲ್ಲಿ ಇದನ್ನು ಯಾರೂ ಬರೆದಿರಲಿಲ್ಲ ಅನ್ನುವ ಮಾತೂ ಇತ್ತು. ಅದನ್ನು ಓದಿ ನನಗೆ ಬೇಜಾರಾಯಿತು. ನಮ್ಮ ನಂತರ ಎರಡು ಬ್ಯಾಚ್ ಹೋಗಿತ್ತು.

ಹಾಸನದ ಗೆಳತಿ ಈಗ ಮುಂದಿನ ಹಂತದ ಕೋರ್ಸಿನಲ್ಲಿದ್ದಾಳೆ. ಅಲ್ಲಿನ ಟೀಚರ್ ಮೂರನೇ ವಾರವೇ ಚಿಕ್ಕ ಹಳದಿ ಚೀಟಿ ಹಂಚಿ, ಏನು ಜಾಸ್ತಿ ಬೇಕು, ಏನು ಕಡಿಮೆ ಸಾಕು ಅಂತ ಎರಡೇ ಪ್ರಶ್ನೆ ಕೇಳಿದರಂತೆ. ಇವಳು ಒಂದೇ ಪದ ಬರೆದಳು: 'ಪುಹೆಲಿನ್', ಫೋನು. ಮುಂದಿನ ಮಂಗಳವಾರ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಇಟ್ಟಿದ್ದರು. ಒಬ್ಬರು ನರ್ಸ್, ಇನ್ನೊಬ್ಬರು ಮಗುವಿನ ತಾಯಿ. ಮುಖ ಕಾಣುವ ಹಾಗಿಲ್ಲ. ಬೋರ್ಡಿನ ಫೋಟೊ ತೆಗೆದು ನನಗೆ ಕಳಿಸಿದಳು. ಎಡಗಡೆ ಪುಸ್ತಕದ ಸಾಲುಗಳು, ಬಲಗಡೆ ಅದೇ ಸಾಲುಗಳು ಬಾಯಲ್ಲಿ ಹೇಗೋ ಹಾಗೆ. ನಡುವೆ ಟೀಚರ್ ಎಳೆದ ಬಾಣದ ಗುರುತುಗಳು. 'ಅಕ್ಕಾ, ಮೂರನೇ ಸಾಲು ನೋಡಿ' ಅಂತ ಕೆಳಗೆ ಬರೆದಿದ್ದಳು. ಫೋಟೊ ದೊಡ್ಡದು ಮಾಡಿ ನೋಡಿದೆ. ಬಲಗಡೆ 'ಒಂಕ್ಸ್ ಸಿಲ್ ಕೂಮೆತ್ತಾ' ಅಂತ ಇತ್ತು.